ವಾಲ್ಟ್ರಪ್ಪನ ಜೀತ

“ಥೂ ಬೋಳೀಮಗನೆ, ಅವನ ಕೈಗೆ ಗೊಬ್ಬರದ ಬುಟ್ಟಿ ಕೊಟ್ಯಲ್ಲೋ. ನಿಂಗೆ ತಲೆ ಅನ್ನೋದು ಇದ್ಯೋ, ಅಲ್ಲೂ ಗೊಬ್ಬರವೇ ತುಂಬ್ಕಂಡಿದ್ಯೋ?”

ಗಜಾನನ ಹೆಗಡೇರು ಹೀಗೆ ಬೈಯುತ್ತಿದ್ದಾಗ ನಾನು ಅಂಗಳದ ಮೂಲೆಯಲ್ಲಿ, ಅವರ ನೆರಳಿಗೆ ತಾಕದಷ್ಟು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ತಗ್ಗಿಸಿದ್ದು ನಾಚಿಕೆಯಿಂದಲ್ಲ. ನಗು ಬರುತ್ತಿತ್ತು, ಅದು ಅವರಿಗೆ ಕಾಣಬಾರದಿತ್ತು.

ಆದದ್ದು ಇಷ್ಟು. ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಂತ ಮರುವರ್ಷ ಅದು. ನಾನು ಹೆಗಡೇರ ಕೊಟ್ಟಿಗೆಯಿಂದ ಗೊಬ್ಬರ ಹೊತ್ತು ಗದ್ದೆಗೆ ಹೊರಟಿದ್ದೆ. ಸಾಗರದಿಂದ ಅಮಲ್ದಾರರ ಜೀಪು ಬಂದು ನಿಂತಿತು. ಅಮಲ್ದಾರರು ಇಳಿದರು, ಗ್ರಾಮಸೇವಕ ಅಂಜನಪ್ಪ ಇಳಿದ, ಕೊನೆಗೆ ಒಬ್ಬ ಬಿಳಿಯ ತರುಣ ತಲೆ ಬಗ್ಗಿಸಿಕೊಂಡು ಇಳಿದ. ಬಗ್ಗಿದ್ದವನು ನೆಟ್ಟಗಾದಾಗ ನೋಡಬೇಕು, ಹೆಗಡೇರ ಜಗುಲಿಯ ಮಾಡಿಗೆ ತಲೆ ತಾಕುವಷ್ಟು ಉದ್ದ. ಹೆಗಡೇರು ಶಾಲು ಸರಿಮಾಡಿಕೊಂಡು ಜಗುಲಿಯಿಂದ ಇಳಿದು ಬರುತ್ತಿದ್ದರು. ಅವನು ಅವರನ್ನು ನೋಡಲೇ ಇಲ್ಲ. ಮೊದಲು ಕಣ್ಣಿಗೆ ಬಿದ್ದವನು ನಾನು. ನೇರ ನನ್ನ ಹತ್ತಿರ ಬಂದು, ಹಲ್ಲು ಬಿಟ್ಟು, ಬಲಗೈ ಚಾಚಿ ನಿಂತ.

ನಮ್ಮ ಕಡೆ ದೊಡ್ಡವರು ಕೈ ಚಾಚಿದರೆ ಒಂದೋ ಏನನ್ನಾದರೂ ಕೇಳುತ್ತಾರೆ, ಇಲ್ಲವೆ ಹೊಡೆಯುತ್ತಾರೆ. ಇವನದು ಹೊಡೆಯುವ ಮುಖ ಅಲ್ಲ. ಹಾಗಾದರೆ ಕೇಳುತ್ತಿದ್ದಾನೆ. ನನ್ನ ಹತ್ತಿರ ಇದ್ದದ್ದು ಬುಟ್ಟಿ ಒಂದೇ. ಕೊಟ್ಟೆ.

ಪುಣ್ಯಾತ್ಮ ಅದನ್ನು ಈಸಿಕೊಂಡು ತಲೆಯ ಮೇಲೆ ಇಟ್ಟುಕೊಂಡೇಬಿಟ್ಟ. ಗಂಜಲ ಕಿವಿಯ ಹಿಂದಿನಿಂದ ಇಳಿದು ಅಂಗಿಯೊಳಗೆ ಹೋಯಿತು. “ಇದನ್ನು ಎಲ್ಲಿಗೆ ಒಯ್ಯಬೇಕು? ದಯವಿಟ್ಟು ಹೇಳಿ” ಅಂದ. ಪುಸ್ತಕದ ಕನ್ನಡ. ‘ಹೇಳಿ’ ಅಂದದ್ದು ಯಾರಿಗೆ ಅಂತ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಎಮ್ಮೆ ನಿಂತಿತ್ತು.

ಗದ್ದೆಯಲ್ಲಿ ಬುಟ್ಟಿ ಸುರಿದು ಬಂದವನು ಅದೇ ಕೈಯನ್ನು ಹೆಗಡೇರಿಗೆ ಚಾಚಿದ. ಹೆಗಡೇರು ಅಮಲ್ದಾರರ ಮುಖ ನೋಡಿದರು. ಅಮಲ್ದಾರರು ನಗುತ್ತಾ ಕಾಯುತ್ತಿದ್ದರು. ಇನ್ನೇನು ಮಾಡುತ್ತಾರೆ, ಪಾಪ, ಕೊಟ್ಟರು ಕೈಯ. ಅವನು ಬಾವಿಯ ರಾಟೆ ಎಳೆದ ಹಾಗೆ ಅದನ್ನು ಮೇಲೆ ಕೆಳಗೆ ಕುಲುಕಿದ. ಜೀಪು ಅತ್ತ ಹೋಗುವುದೇ ತಡ, ಹೆಗಡೇರು ಒಳಗೆ ಓಡಿದರು. “ಮತ್ತೆ ಮೀಯವು ಮಾರಾಯ್ತಿ, ಬಿಸಿನೀರು ಇದ್ದಾ?” ಎಂದು ಹೆಂಡತಿ ಮಹಾಲಕ್ಷ್ಮಮ್ಮನನ್ನು ಕೇಳಿದ್ದು ನಮಗೂ ಕೇಳಿಸಿತು. ಮಿಂದು ಬಂದು ಒದ್ದೆ ಪಂಚೆಯಲ್ಲೇ ನನ್ನನ್ನು ಕರೆಸಿದರು. ಆಗ ಬಿದ್ದ ಬೈಗುಳ ಮೊದಲು ಹೇಳಿದ್ದು.

ಅವನ ಹೆಸರು ವಾಲ್ಟರ್. ನಮ್ಮ ಕೇರಿಯಲ್ಲಿ ವಾಲ್ಟ್ರಪ್ಪ ಆದ. ಹೆಗಡೇರ ಉಪ್ಪರಿಗೆಯ ಕೋಣೆಯಲ್ಲಿ ಅವನ ಬಿಡಾರ. ದಿನಾ ಬೆಳಗ್ಗೆ ಇಳಿದು ಬಂದು ಹೆಗಡೇರ ಕೈ ಕುಲುಕುತ್ತಿದ್ದ. ಹಿಂದಿನ ಸಂಜೆ ಅವನು ಕೇರಿಯಲ್ಲಿ ಯಾರನ್ನು ಮುಟ್ಟಿದ್ದ, ಯಾರ ಮಗುವನ್ನು ಎತ್ತಿಕೊಂಡಿದ್ದ ಅಂತ ಹೆಗಡೇರು ನನ್ನನ್ನು ವಿಚಾರಿಸುತ್ತಿದ್ದರು. ನಾನು ಒಬ್ಬರನ್ನೂ ಬಿಡದೆ ಹೇಳುತ್ತಿದ್ದೆ. ಮುಟ್ಟದವರನ್ನೂ ಸೇರಿಸುತ್ತಿದ್ದೆ. ಆ ಚಳಿಗಾಲ ಹೆಗಡೇರಿಗೆ ಮಿಂದು ಮಿಂದು ನೆಗಡಿ ಬಿಡಲೇ ಇಲ್ಲ.

ಇವನು ಯಾಕೆ ಬಂದಿದ್ದಾನೆ ಅಂತ ಕೇರಿಗೆ ತಿಳಿಸಿದವನು ಅಂಜನಪ್ಪ. ಸಮುದ್ರದಾಚೆಯ ದೇಶವಂತೆ. ಎರಡು ವರ್ಷ ಇಲ್ಲಿ ಇರುತ್ತಾನಂತೆ. ಸಂಬಳ ಇಲ್ಲ, ಊಟದ ಖರ್ಚಷ್ಟೇ ಅಲ್ಲಿಂದ ಬರುತ್ತದೆ, ಹೇಳಿದ ಕೆಲಸ ಮಾಡುತ್ತಾನೆ. ನಮ್ಮ ಕೇರಿಗೆ ಸರಕಾರದಿಂದ ಒಂದು ಬಾವಿ ಮಂಜೂರಾಗಿದೆ, ಅದನ್ನು ನಮ್ಮ ಜೊತೆ ಸೇರಿ ತೋಡುತ್ತಾನೆ. ನಾವು ದನ ಕುಡಿಯುವ ಹೊಂಡದಿಂದಲೇ ನೀರು ತರುತ್ತಿದ್ದವರು, ಬಾವಿ ಅಂದ ಕೂಡಲೇ ಹೆಂಗಸರು ಕಿವಿ ನೆಟ್ಟಗೆ ಮಾಡಿದರು. ನನ್ನ ಅವ್ವ ಕೆರಿಯಮ್ಮ ಮಾತ್ರ ಬಾವಿಯ ಮಾತು ಬಿಟ್ಟು ಬೇರೆಯೇ ಹಿಡಿದಳು.

“ಜೀತ ಅನ್ನು ಮತ್ತೆ” ಅಂದಳು.

ಜೀತ ಅಲ್ಲವ್ವ, ಸೇವೆ ಅಂತ ಅಂಜನಪ್ಪ ತಿದ್ದಿದ.

“ಉಣ್ಣಕೆ ಹಾಕಿ, ಸಂಬ್ಳ ಕೊಡ್ದೆ ದುಡ್ಸಿದ್ರೆ ಜೀತನೇ ಕಣಪ್ಪ. ನಮ್ಗೆ ಗೊತ್ತಿಲ್ವಾ.”

ಅಂಜನಪ್ಪ ಸೈಕಲ್ ಹತ್ತಿ ಹೋದ. ಕೇರಿಯಲ್ಲಿ ಅವ್ವನ ಮಾತೇ ನಿಂತಿತು. ಯಾಕೆಂದರೆ ನಮ್ಮಲ್ಲಿ ಜೀತಕ್ಕೆ ಹೋಗದ ಮನೆಯೇ ಇಲ್ಲ. ನನ್ನದನ್ನೇ ಹೇಳುತ್ತೇನೆ. ನನ್ನ ಮದುವೆಗೆ ಅಕ್ಕಿ, ತಾಳಿ, ಹುಡುಗಿಗೆ ಒಂದು ಸೀರೆ ಹೆಗಡೇರು ಕೊಟ್ಟರು. “ಎರಡು ವರ್ಷ ದುಡಿ ಮಾಸ್ತ, ತೀರ್ತು” ಅಂತ ಅವ್ವನ ಎದುರಿಗೇ ಹೇಳಿದ್ದರು. ಆ ಸೀರೆ ಹರಿದು ತೊಟ್ಟಿಲ ಜೋಲಿ ಆಯಿತು. ಜೋಲಿ ಹರಿದು ಮಡಕೆ ಇಳಿಸುವ ಮಸಿಬಟ್ಟೆ ಆಯಿತು. ಜೀತ ಇನ್ನೂ ಹೊಸದರ ಹಾಗೇ ಇತ್ತು.

ವಾಲ್ಟ್ರಪ್ಪ ಯಾರ ಮದುವೆಗೆ ಜೀತಕ್ಕೆ ಬಿದ್ದ ಅನ್ನುವುದು ಈಗ ಕೇರಿಯ ಚಿಂತೆ. ನನ್ನ ಹೆಂಡತಿ ಗುತ್ಯಮ್ಮ ಕೇಳಿಯೇಬಿಟ್ಟಳು. ಮದುವೆ ಆಗಿಲ್ಲ ಅಂದ. ಮದುವೆಯ ಸುಖವೂ ಇಲ್ಲದೆ ಜೀತವೇ ಅಂತ ಹೆಂಗಸರು ಲೊಚಗುಟ್ಟಿದರು. ಅವನು ಕಿಸೆಯಿಂದ ಒಂದು ಪಟ ತೆಗೆದು ತೋರಿಸಿದ. ಅಪ್ಪ, ಅಮ್ಮ, ದೊಡ್ಡ ಮನೆ, ಮನೆ ಮುಂದೆ ದೋಣಿಯಷ್ಟು ಉದ್ದದ ಕಾರು. ಅಪ್ಪ ಕಾರಿನ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದ. ಆಗ ಎಲ್ಲರಿಗೂ ವಿಷಯ ತಿಳಿಯಿತು. ಆ ಕಾರಿಗಾಗಿಯೇ ಮಗನನ್ನು ಜೀತಕ್ಕೆ ಇಟ್ಟಿದ್ದಾನೆ. ಅವ್ವ ಪಟವನ್ನು ಕಣ್ಣ ಹತ್ತಿರ ಹಿಡಿದು ನೋಡಿ, “ಹೆಂಗೆ ಹಲ್ಕಿರಿತಾನೆ ನೋಡು, ಮಗನ್ನ ಮಾರ್ಕಂಡೋನು” ಅಂತ ಪಕ್ಕಕ್ಕೆ ಉಗಿದಳು. ವಾಲ್ಟ್ರಪ್ಪನಿಗೆ ಎಷ್ಟು ಅರ್ಥವಾಯಿತೋ, ‘ಹೌದು ಹೌದು, ನನ್ನ ತಂದೆ’ ಅಂತ ಸಂತೋಷದಿಂದ ತಲೆ ಆಡಿಸಿದ.

ಆವತ್ತಿನಿಂದ ಅವನು ನಮ್ಮವನಾದ. ಹೊಸದಾಗಿ ಜೀತಕ್ಕೆ ಬಂದವನಿಗೆ ಹಳಬರು ಹೇಳಿಕೊಡುವುದನ್ನೆಲ್ಲ ನಾನು ಹೇಳಿಕೊಟ್ಟೆ. ಸೊಪ್ಪಿನ ಹೊರೆಯ ನಡುವೆ ಅಡ್ಡ ಕೊಂಬೆ ಇಟ್ಟು ಹೊರೆ ದೊಡ್ಡದು ಕಾಣಿಸುವುದು. ಒಡೆಯರು ಬರುವುದು ಕಂಡರೆ ಕೆಮ್ಮುವುದು. ಮಳೆಗಾಲದಲ್ಲಿ ನೆತ್ತರು ಹೀರುವ ಉಂಬಳ ಕಾಲಿಗೆ ಹಿಡಿಯಿತು ಅಂತ ಬದುವಿನ ಮೇಲೆ ಕೂತು, ಒಂದು ಉಂಬಳವನ್ನು ಬೀಡಿ ಸೇದಿ ಮುಗಿಯುವವರೆಗೆ ಕೀಳುವುದು. ಒಂದನ್ನೂ ಅವನು ಕಲಿಯಲಿಲ್ಲ. ಬೆಳಗ್ಗೆ ಹಾರೆ ಹಿಡಿದರೆ ದೆವ್ವ ಹಿಡಿದವನ ಹಾಗೆ ಅಗೆಯುತ್ತಿದ್ದ. ಸಂಜೆ ಅಂಗೈ ಬೊಬ್ಬೆಗಳನ್ನು ಎಲ್ಲರಿಗೂ ತೋರಿಸಿ ನಗುತ್ತಿದ್ದ. ಇಷ್ಟು ದಡ್ಡನನ್ನು ಜೀತಕ್ಕೆ ಕಳಿಸಬಾರದಿತ್ತು ಅಂತ ನನಗೆ ನಿಜಕ್ಕೂ ಕನಿಕರವಾಯಿತು.

ಅಗೆದದ್ದು ಮಾತ್ರ ನಮ್ಮ ಬಾವಿಯನ್ನಲ್ಲ. ಈಗ ಒರತೆ ಜಾಸ್ತಿ, ಬಾವಿ ಬೇಸಗೆಯಲ್ಲಿ ತೋಡಿದರಾಯಿತು, ಅಲ್ಲಿವರೆಗೆ ನನ್ನ ತೋಟದ ಕಾಲುವೆ ಹೂಳು ಎತ್ತಿಕೊಡು, ಅದೂ ಹಳ್ಳಿಯ ಸೇವೆಯೇ ಅಂತ ಹೆಗಡೇರು ಅವನಿಗೆ ತಿಳಿಹೇಳಿದ್ದರು. ಮಹಾರಾಯ ನಂಬಿದ. ಹಾಗೆ ನೋಡಿದರೆ ನಮಗೂ ಖುಷಿಯೇ ಇತ್ತು, ಕೆಲಸ ಹಗುರವಾಗಿತ್ತು. ಸುಗ್ಗಿ ಮುಗಿದ ಮೇಲೆ ಕೂಲಿ ಹೆಂಗಸರು ಬತ್ತಕ್ಕೆ ಸೆರಗು ಒಡ್ಡಿದಾಗ ಹೊಟ್ಟೆಗೆ ಬಿತ್ತು ಪೆಟ್ಟು. ಹೆಗಡೇರು ಸೇರು ತುಂಬಿಸದೆ ಸುರಿದರು. ಗುತ್ಯಮ್ಮ ಕೇಳಿದ್ದಕ್ಕೆ, “ಸಮುದ್ರ ದಾಟಿ ಬಂದ ದೊರೆಯೇ ಪುಕ್ಕಟೆ ದುಡೀತಾ, ನಿಂಗೇನು ಕೇಡು ಬಂದಿದ್ದು? ಬೇಕಾದ್ರೆ ತಗ, ಇಲ್ದಿದ್ರೆ ಅವ ಇದ್ದ ನಂಗೆ” ಅಂದರು.

ನನ್ನ ಹೆಂಡತಿ ಸುಮ್ಮನೆ ಮನೆಗೆ ಬರುವವಳಲ್ಲ. ಅರ್ಧ ಸೆರಗಿನ ಬತ್ತ ಕಟ್ಟಿಕೊಂಡು ನೇರ ತೋಟಕ್ಕೆ ಹೋದಳು. ಕಾಲುವೆಯಲ್ಲಿ ಮೊಳಕಾಲು ಕೆಸರಲ್ಲಿ ನಿಂತಿದ್ದವನ ಎದುರು ಸೆರಗು ಬಿಚ್ಚಿ ಹಿಡಿದಳು.

“ಏ ವಾಲ್ಟ್ರಪ್ಪ, ನಿಂಗೆ ಅನ್ನ ನಿಮ್ಮೂರಿಂದ ಬತ್ತದೆ. ನಂಗೆ ಇದು. ನೀನು ಹಾರೆ ಎತ್ತಿದಂಗೆಲ್ಲ ಇದು ಇಳೀತದೆ. ನೋಡ್ಕ.”

ಅವನಿಗೆ ಅರ್ಥವಾಗಲು ನಾನು ನಿಧಾನವಾಗಿ ಮತ್ತೊಮ್ಮೆ ಹೇಳಬೇಕಾಯಿತು. ಅರ್ಥವಾದ ಮೇಲೆ ಅವನ ಮುಖ ಕುಂಕುಮದಷ್ಟು ಕೆಂಪಾಯಿತು. ಹಾರೆಯನ್ನು ಕೆಸರಲ್ಲೇ ಬಿಟ್ಟು ಹೋದ. ಮರುದಿನ ಬೆಳಗ್ಗೆ ಕೇರಿಯ ಮೇಲಿನ ದಿಬ್ಬದಲ್ಲಿ ಒಬ್ಬನೇ ಬಾವಿ ತೋಡುತ್ತಿದ್ದ. ಸಂಜೆ ನಾವೂ ಹೋಗಿ ಸೇರಿಕೊಂಡೆವು. ಹೆಗಡೇರು ಅಡ್ಡ ಬರಲಾರದೆ ಹೋದರು, ಮಂಜೂರಾತಿ ಅಮಲ್ದಾರರದ್ದಾಗಿತ್ತು. ಆದರೆ ಇಳಿಸಿದ ಕೂಲಿಯನ್ನು ಮತ್ತೆ ಏರಿಸಲಿಲ್ಲ. ಅದು ಹಾಗೇ ಉಳಿಯಿತು.

ಬಾವಿಯ ಗುಂಡಿಯೊಳಗೆ ನಾವಿಬ್ಬರೇ ಇದ್ದ ಒಂದು ದಿನ ನನ್ನ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಓಡಿಹೋದರೆ ನಿಮ್ಮ ಒಡೆಯರು ಹಿಡಿದು ತಂದು ಹೊಡೆಯುತ್ತಾರಾ ಅಂತ. ಅವನು ನಕ್ಕ. ತನಗೆ ಒಡೆಯ ಯಾರೂ ಇಲ್ಲ, ಬೇಡ ಅನ್ನಿಸಿದರೆ ನಾಳೆಯೇ ಹೋಗಬಹುದು, ಇಲ್ಲವಾದರೆ ಎರಡು ವರ್ಷ ತುಂಬಿದ ದಿನ ವಿಮಾನದ ಟಿಕೇಟು ಕೊಟ್ಟು ಕರೆಸಿಕೊಳ್ಳುತ್ತಾರೆ ಅಂದ. ಟಿಕೇಟು ಬೇರೆ ಕೊಡುತ್ತಾರಂತೆ. ಆಮೇಲೆ ಹಣೆಯ ಬೆವರು ಒರೆಸಿಕೊಂಡು ಕೇಳಿದ.

“ಮಾಸ್ತಪ್ಪನವರೆ, ನಿಮ್ಮದು ಯಾವಾಗ ಮುಗಿಯುತ್ತದೆ?”

ಹುಟ್ಟಿದಾಗಿನಿಂದ ಈ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಗುದ್ದಲಿ ಅಲ್ಲೇ ಇಟ್ಟು ಮೇಲೆ ಹತ್ತಿ, ಮೈಯ ಮಣ್ಣನ್ನೂ ತೊಳೆಯದೆ ಹೆಗಡೇರ ಅಂಗಳಕ್ಕೆ ಹೋದೆ. ಜಗುಲಿಯಲ್ಲಿ ತೀರ್ಥಹಳ್ಳಿ ಕಡೆಯ ನೆಂಟರು ಎಲೆ ಅಡಿಕೆಯ ಕವಳ ಹಾಕುತ್ತಾ ಕೂತಿದ್ದರು. ಎರಡು ವರ್ಷ ಅಂದಿದ್ದಿರಿ ಒಡೆಯಾ, ನಂದು ಯಾವಾಗ ಮುಗಿಯುತ್ತದೆ ಅಂತ ಕೇಳಿದೆ.

ಹೆಗಡೇರು ಸಿಟ್ಟಾಗಲಿಲ್ಲ. ನೆಂಟರ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

“ನಿನ್ನಪ್ಪಂದು ಯಾವಾಗ ಮುಗೀತು?”

“ಸತ್ತಾಗ, ಒಡೆಯಾ.”

“ಮತ್ತೆ? ನೀನಿನ್ನೂ ಉಸಿರಾಡ್ತಾ ಇದ್ಯಲ್ಲೋ.”

ನೆಂಟರು ನಕ್ಕ ರಭಸಕ್ಕೆ ಒಬ್ಬರ ಕವಳ ನೆತ್ತಿಗೆ ಹತ್ತಿತು. ಹೆಗಡೇರಿಗೆ ಹುರುಪು ಬಂತು. ಕಿವಿ ಹಿಡಿದು ಬಸ್ಕಿ ಹೊಡಿ, ಕೂತು ಎದ್ದಾಗಲೆಲ್ಲ ‘ಮುಗೀಲಿಲ್ಲ’ ಅನ್ನು, ನೆಂಟರ ಕವಳ ಮುಗಿಯುವವರೆಗೆ ನಿಲ್ಲಿಸಬೇಡ ಅಂದರು. ನಾನು ಕೂತೆ. ಎದ್ದೆ. ಮುಗೀಲಿಲ್ಲ. ಕೂತೆ. ಎದ್ದೆ. ಮುಗೀಲಿಲ್ಲ. ಒಳಗಿಂದ ಮಹಾಲಕ್ಷ್ಮಮ್ಮ ಬಾಗಿಲಿಗೆ ಬಂದು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅವರು ನಕ್ಕದ್ದು ನನ್ನನ್ನು ಉಳಿದವರೆಲ್ಲ ನಕ್ಕದ್ದಕ್ಕಿಂತ ಹೆಚ್ಚು ಸುಟ್ಟಿತು.

ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ವಾಲ್ಟ್ರಪ್ಪ ಬಂದ. ನಾನು ಮಾಡುವುದನ್ನು ಒಂದು ಗಳಿಗೆ ನೋಡಿದ. ಇದು ಬಹಳ ಒಳ್ಳೆಯ ವ್ಯಾಯಾಮ ಅಂದವನೇ ನನ್ನ ಪಕ್ಕದಲ್ಲಿ ನಿಂತು, ತನ್ನ ಎರಡೂ ಕಿವಿ ಹಿಡಿದು, ಕೂತು ಎದ್ದು ‘ಮುಗೀಲಿಲ್ಲ’ ಅನ್ನತೊಡಗಿದ. ಅದೂ ನನಗಿಂತ ಜೋರಾಗಿ. ನೆಂಟರ ನಗು ನಿಂತಿತು. ಅಮಲ್ದಾರರು ಕೈಹಿಡಿದು ಕರೆತಂದು ಬಿಟ್ಟ ದೊರೆ ಅಂಗಳದಲ್ಲಿ ನನ್ನ ಪಕ್ಕ ಕಿವಿ ಹಿಡಿದು ಬಸ್ಕಿ ಹೊಡೆಯುತ್ತಿದ್ದಾನೆ, ಅದನ್ನು ನೋಡುತ್ತಾ ಕವಳ ಜಗಿಯುವುದು ಹೇಗೆ? ಸಾಕು ಸಾಕು ನಿಲ್ಲಿಸಿ ಅಂತ ಹೆಗಡೇರೇ ಕೈಮುಗಿದರು. ಅವನು ಇನ್ನೂ ಸ್ವಲ್ಪ ಹೊಡೆದೇ ನಿಲ್ಲಿಸಿದ.

ದಾರಿಯಲ್ಲಿ ಅದು ವ್ಯಾಯಾಮ ಅಲ್ಲ ಅಂತ ತಿಳಿಸಿದೆ. ಅವನು ನಡೆಯುವುದನ್ನು ನಿಲ್ಲಿಸಿಬಿಟ್ಟ. ಕಣ್ಣಲ್ಲಿ ನೀರು ಬಂತು. ಇದು ಅನ್ಯಾಯ, ಹೀಗೆ ಹಿಡಿದಿಡಲು ಕಾನೂನಿಲ್ಲ, ನೀವು ಇವತ್ತೇ ಹೋಗಬಹುದು ಅಂತ ಆವೇಶದಿಂದ ಹೇಳಿದ. ಎಲ್ಲಿಗೆ ಅಂತ ಕೇಳಿದೆ. ನನ್ನ ಗುಡಿಸಲು ನಿಂತಿದ್ದು ಹೆಗಡೇರ ಜಾಗದಲ್ಲಿ. ಹೋದರೆ ಗುಡಿಸಲು ಕೀಳುತ್ತಾರೆ, ಅವ್ವ ಎಲ್ಲಿ ಮಲಗಬೇಕು? ಅವನನ್ನು ಬೈಯಬೇಕು ಅನ್ನಿಸಿತು, ಬೈಯಲು ಆಗಲಿಲ್ಲ. ನನಗೋಸ್ಕರ ಕಿವಿ ಹಿಡಿದವನು ಅವನೊಬ್ಬನೇ, ಗೊತ್ತಿಲ್ಲದೆ ಹಿಡಿದರೂ.

ಬಾವಿಗೆ ನೀರು ಬಂತು. ಮೊದಲು ಕೆಂಪಗೆ ಬಂತು, ಆಮೇಲೆ ತಿಳಿಯಾಯಿತು. ಅವ್ವ ಬೊಗಸೆಯಲ್ಲಿ ಕುಡಿದು, ಸಗಣಿ ವಾಸನೆ ಇಲ್ಲದ ನೀರು ಸಪ್ಪೆ ಅಂದಳು. ಅಂದವಳು ಮತ್ತೆ ಎರಡು ಬೊಗಸೆ ಕುಡಿದಳು.

ವಾಲ್ಟ್ರಪ್ಪನ ಎರಡು ವರ್ಷ ತುಂಬಿತು. ಹೆಗಡೇರ ಮನೆಯ ಪಕ್ಕದ ಶಾಲೆಯ ಬಯಲಲ್ಲಿ ಬೀಳ್ಕೊಡುಗೆ ಸಮಾರಂಭ. ಬೆಳಗ್ಗೆ ದನ ಬಿಡುವ ಮೊದಲೇ ತೋರಣ ಕಟ್ಟು ಅಂದರು, ಕಟ್ಟಿದೆ. ಕುರ್ಚಿ ಹೊರು ಅಂದರು, ಹೊತ್ತೆ. ಅಮಲ್ದಾರರು ಬಂದರು, ಸಾಗರದಿಂದ ಪಟ ತೆಗೆಯುವವನು ಮೂರು ಕಾಲಿನ ಪೆಟ್ಟಿಗೆ ಹೊತ್ತು ಬಂದ. ಕೇರಿಯವರೆಲ್ಲ ಬೇಲಿಯ ಆಚೆ ನಿಂತೆವು. ಗುತ್ಯಮ್ಮ ನಸುಕಿಗೇ ಕಾಡಿಗೆ ಹೋಗಿ ಸುರಗಿ ಹೂ ಆರಿಸಿ ತಂದು ವಾಲ್ಟ್ರಪ್ಪನಿಗೆ ಅಂತ ಒಂದು ಹಾರ ಕಟ್ಟಿದ್ದಳು.

ಹೆಗಡೇರು ಭಾಷಣ ಮಾಡಿದರು. ಈತ ಎರಡು ವರ್ಷ ಸಂಬಳವಿಲ್ಲದೆ ದುಡಿದ, ಬಿಸಿಲು ಮಳೆ ನೋಡಲಿಲ್ಲ, ಮಣ್ಣು ಹೊತ್ತ, ಗೊಬ್ಬರ ಹೊತ್ತ, ಇಂಥವನನ್ನು ನಮ್ಮ ಹಿರಿಯರು ಋಷಿ ಅಂದರು ಅಂತ ಹೇಳಿ ಅಮಲ್ದಾರರ ಕಡೆ ನೋಡಿದರು. ಶಾಲು ಹೊದಿಸಿದರು. ಕೈಗೆ ತೆಂಗಿನಕಾಯಿ ಕೊಟ್ಟರು. ನಾನು ಬೇಲಿಯ ಗೂಟ ಹಿಡಿದು ಕೇಳುತ್ತಿದ್ದೆ. ಹೇಳಿದ್ದೆಲ್ಲ ನಾನು ಮಾಡಿದ ಕೆಲಸವೇ. ಪಕ್ಕದಲ್ಲಿ ಗುತ್ಯಮ್ಮನ ಉಸಿರಾಟ ಜೋರಾಗಿ ಕೇಳುತ್ತಿತ್ತು.

ವಾಲ್ಟ್ರಪ್ಪ ವೇದಿಕೆ ಇಳಿದು ನಮ್ಮ ಹಾರಕ್ಕಾಗಿ ಬೇಲಿಯ ಹತ್ತಿರ ಬಂದು ತಲೆ ಬಗ್ಗಿಸಿದ. ಗುತ್ಯಮ್ಮ ಹಾರ ಎತ್ತಿದಳು. ಎತ್ತಿದವಳು ತಿರುಗಿ ಅದನ್ನು ನನ್ನ ಕೊರಳಿಗೆ ಹಾಕಿದಳು. ಮದುವೆಯ ದಿನ ಹಾಕಿದ್ದು ಬಿಟ್ಟರೆ ಇದೇ ಮೊದಲು.

“ನಮ್ಮನೇರ ಜೀತನೂ ಇವತ್ತಿಗೆ ಮುಗೀತು” ಅಂದಳು. ಮೆಲ್ಲಗೆ ಹೇಳುವುದು ಅವಳಿಗೆ ಗೊತ್ತಿಲ್ಲ. ಇಡೀ ಬಯಲಿಗೆ ಕೇಳಿಸಿತು.

ವಾಲ್ಟ್ರಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಮುಖ ಅರಳಿತು. ತೆಂಗಿನಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಾಳೆ ತಟ್ಟಿದ. ಅತಿಥಿ ತಟ್ಟಿದಾಗ ತಟ್ಟಬೇಕು ಅಂತ ಮಾಸ್ತರು ಹೇಳಿಕೊಟ್ಟಿದ್ದರಿಂದ ಶಾಲೆಯ ಮಕ್ಕಳೆಲ್ಲ ತಟ್ಟಿದರು. ಏನು ಎತ್ತ ತಿಳಿಯದೆ ಅಮಲ್ದಾರರೂ ತಟ್ಟಿದರು. ಅಮಲ್ದಾರರು ತಟ್ಟಿದ್ದು ನೋಡಿ ಹೆಗಡೇರ ಕೈ ತಾನಾಗಿಯೇ ಒಂದು ಸಲ ತಟ್ಟಿ, ಆಮೇಲೆ ತಾವು ತಟ್ಟಿದ್ದು ಯಾತಕ್ಕೆ ಅಂತ ಅವರಿಗೆ ಹೊಳೆಯಿತು.

ನಾನು ಬೇಲಿ ದಾಟಿದೆ. ವೇದಿಕೆಯ ಮುಂದೆ ಹೋಗಿ ನಿಂತು, ವಾಲ್ಟ್ರಪ್ಪ ಚಾಚುತ್ತಿದ್ದ ಹಾಗೆಯೇ ಬಲಗೈ ಚಾಚಿದೆ.

“ಹೋಗ್ಬತ್ತೀನಿ ಒಡೆಯಾ. ಎರಡು ವರ್ಷ ಅಂದಿದ್ರಿ.”

ಪಟ ತೆಗೆಯುವವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಯಾರೂ ಅಲ್ಲಾಡಬೇಡಿ ಅಂತ ಕೂಗಿದ. ಯಾರೂ ಅಲ್ಲಾಡಲಿಲ್ಲ. ಹೆಗಡೇರು ಎರಡೂ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು, ಅಮಲ್ದಾರರ ಎದುರು ನಗುಮುಖ ಹೊತ್ತು ಕೂತಿದ್ದರು. ಕತ್ತಿನ ನರ ಮಾತ್ರ ಹಾರುತ್ತಿತ್ತು. ನಾನು ಕೈ ಚಾಚಿಯೇ ನಿಂತಿದ್ದೆ. ಪೆಟ್ಟಿಗೆ ಟಪ್ ಅಂತು.

ಜೀಪು ಹೊರಟಿತು. ವಾಲ್ಟ್ರಪ್ಪ ಹಿಂದಿನಿಂದ ಕೈ ಬೀಸುತ್ತಾ, ಅಳುತ್ತಾ, ನಗುತ್ತಾ ಹೋದ. ತಿರುವಿನಲ್ಲಿ ಧೂಳು ಎದ್ದು ಕಾಣದಾದ. ಚಪ್ಪಾಳೆ ತಟ್ಟಿದವರೆಲ್ಲ ಹೊರಟುಹೋಗಿದ್ದರು. ಬಯಲಲ್ಲಿ ಹೆಗಡೇರು, ಅವರ ಆಳು ವೆಂಕಟ್ರಮಣ, ಬೇಲಿಯ ಆಚೆ ಕೇರಿಯವರು ಉಳಿದರು. ಹೊತ್ತು ಮೇಲೇರಿತ್ತು. ಕೊಟ್ಟಿಗೆಯಲ್ಲಿ ಕಟ್ಟಿದ ದನಗಳು ಹಸಿದು ಕೂಗುತ್ತಿದ್ದವು.

“ಹಾರ ತೆಗೆದು ದನ ಬಿಡು ಹೋಗು, ಬೋಳೀಮಗನೆ” ಅಂದರು ಹೆಗಡೇರು. ದನಿ ಏರಿಸಲಿಲ್ಲ.

“ಸಮುದ್ರದಾಚೆಯಿಂದ ಇನ್ನೊಬ್ಬ ಬತ್ತಾನೆ ಒಡೆಯಾ, ಕಾಯ್ರಿ. ಅವ್ನು ಪುಕ್ಕಟೆ ದನ ಬಿಡ್ತಾನೆ.”

ಹೇಳಿದವನು ನಿಲ್ಲಲಿಲ್ಲ. ಕೇರಿಯ ದಾರಿ ಹಿಡಿದೆ. ಗುತ್ಯಮ್ಮ ಹಿಂದೆ ಬಂದಳು, ಅವ್ವ ಬಂದಳು, ಉಳಿದವರು ಒಬ್ಬೊಬ್ಬರಾಗಿ ಬಂದರು. ಕೆಲಸಕ್ಕೆ ಹೋಗಬೇಕಾದವರೂ ಬಂದರು. ಎಲ್ಲರೂ ಬಾವಿಯ ಕಟ್ಟೆಯ ಮೇಲೆ ಕೂತೆವು. ಕಟ್ಟೆಯಿಂದ ಹೆಗಡೇರ ಮನೆಯ ದಾರಿ ಪೂರ್ತಿ ಕಾಣುತ್ತದೆ. ಗುಡಿಸಲು ಕೀಳಲು ಬರುವವರು ಅದೇ ದಾರಿಯಲ್ಲಿ ಬರಬೇಕು.

ಮಧ್ಯಾಹ್ನವಾಯಿತು. ಹೊಟ್ಟೆ ಕೂಗತೊಡಗಿತು. ಉಣ್ಣಲು ಏನಿದೆ ಅಂತ ಗುತ್ಯಮ್ಮನನ್ನು ಕೇಳಿದೆ.

“ನೀರೈತೆ” ಅಂದಳು.

ಸೇದಿ ಕೊಟ್ಟಳು. ಕುಡಿದೆ. ಅವ್ವನಿಗೆ ಕೊಟ್ಟೆ. ಕೊಡ ಕೈಯಿಂದ ಕೈಗೆ ಹೋಯಿತು. ಕೆಳಗೆ ಕೊಟ್ಟಿಗೆಯಲ್ಲಿ ದನ ಇನ್ನೂ ಕೂಗುತ್ತಿದ್ದವು, ದಾರಿಯ ಕೊನೆಯಲ್ಲಿ ವೆಂಕಟ್ರಮಣನ ಹಿಂದೆ ಮೂರು ನಾಲ್ಕು ಜನ ಕತ್ತಿ ಹಿಡಿದು ಹತ್ತಿ ಬರುತ್ತಿದ್ದರು. ಕಟ್ಟೆಯಿಂದ ಯಾರೂ ಏಳಲಿಲ್ಲ. ಗುತ್ಯಮ್ಮ ಮತ್ತೆ ಕೊಡವನ್ನು ಬಾವಿಗೆ ಇಳಿಬಿಟ್ಟಳು.